ಲಾಗ್‌ಔಟ್ ಆದ ಮೇಲೂ ತೆರೆದಿರುವ ಟರ್ಮಿನಲ್

ಲಿನಕ್ಸ್ ಗಣಕದ ಚಿತ್ರಾತ್ಮಕ ಪರದೆಯಿಂದ ಲಾಗ್‌ಔಟ್ ಆದ ಮೇಲೂ ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಅಲ್ಲಿ ಲಾಗಿನ್ ಆಗಿಯೇ ಬಿಟ್ಟಿದ್ದ ಟರ್ಮಿನಲ್ ಮೂಲಕ ತಮ್ಮ ಕಡತಗಳು ಬೇರೆಯವರ ಕೈಗೆ ಸಿಗುತ್ತವೆ ಎಂಬ ಓದುಗರ ಆತಂಕ ಸಕಾರಣವಾದುದು. ಒಂದೇ ಕೀಲಿಮಣೆ ಮತ್ತು ಪರದೆಯನ್ನು ಸರದಿಯಂತೆ ಹಂಚಿಕೊಳ್ಳುವ ಸ್ವತಂತ್ರ ಪರದೆಗಳಿಗೆ ವರ್ಚುವಲ್ ಟರ್ಮಿನಲ್ ಎಂದು ಹೆಸರು. ಪ್ರತಿಯೊಂದಕ್ಕೂ ತನ್ನದೇ ಲಾಗಿನ್ ಇರುವುದರಿಂದ ಒಂದರಿಂದ ಹೊರಬಂದ ಮಾತ್ರಕ್ಕೆ ಇನ್ನೊಂದು ಮುಚ್ಚಿಕೊಳ್ಳುವುದಿಲ್ಲ.

ಸಿಸ್ಟಮ್‌ಡಿ ಎಂಬ ವ್ಯವಸ್ಥಾ ನಿರ್ವಾಹಕ ತಂತ್ರಾಂಶ ಬಳಸುವ ಗಣಕಗಳಲ್ಲಿ ಈ ಲಾಗಿನ್‌ಗಳ ಲೆಕ್ಕವನ್ನು ಲಾಗಿನ್‌ಡಿ ಎಂಬ ಹಿನ್ನೆಲೆ ಸೇವೆ ಇಡುತ್ತದೆ. ಬಳಕೆದಾರರು ಖಾಲಿ ಟರ್ಮಿನಲ್ಲಿಗೆ ಹೊರಳಿದಾಗ ಹೆಸರು ಕೇಳುವ ‘ಗೆಟ್ಟಿ’ ಎಂಬ ಪುಟ್ಟ ಪ್ರೋಗ್ರಾಮನ್ನು ಅದು ಅಲ್ಲಿ ಎಬ್ಬಿಸುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಮೊದಲ 6 ಟರ್ಮಿನಲ್‌ಗಳಿಗೆ ಈ ಏರ್ಪಾಡು ಅನ್ವಯಿಸುತ್ತದೆ. ಆದ್ದರಿಂದ ಗಣಕ ಬಿಟ್ಟೇಳುವ ಮುನ್ನ ‘ಲಾಗಿನ್‌ಸಿಟಿಎಲ್’ ಆಜ್ಞೆ ಕೊಟ್ಟು, ಪಟ್ಟಿಯಲ್ಲಿ ತಮ್ಮ ಹೆಸರಿನ ಸಾಲಿನಲ್ಲಿ ‘ಟಿಟಿವೈ3’ (ಮೂರನೇ ಟರ್ಮಿನಲ್) ಎಂದಿದೆಯೇ ಎಂದು ನೋಡಿ, ಇದ್ದರೆ ಅಲ್ಲಿಗೇ ಹೋಗಿ ಬರಹ ಉಳಿಸಿ ‘ಎಕ್ಸಿಟ್’ ಎಂದು ಹೊರಬರುವುದೇ ಸರಿಯಾದ ಕ್ರಮ. ಲಾಗಿನ್‌ಸಿಟಿಎಲ್‌ನ ‘ಟರ್ಮಿನೇಟ್-ಸೆಷನ್’ ಉಪಆಜ್ಞೆಯಿಂದ ದೂರದಿಂದಲೇ ಮುಚ್ಚಬಹುದಾದರೂ ಉಳಿಸದ ಬರಹ ಆಗ ಕೈತಪ್ಪೀತು.

ಮರೆವಿನ ಭಯವಿದ್ದವರು ಬ್ಯಾಷ್ ಶೆಲ್ಲಿನ ‘ಟಿಎಂಔಟ್’ ಚರಾಂಶಕ್ಕೆ 300 ಎಂಬ ಬೆಲೆ ಕೊಟ್ಟರೆ, ಆಜ್ಞೆಗಾಗಿ ಕಾಯುತ್ತಿರುವ ಶೆಲ್ 5 ನಿಮಿಷದ ಮೌನದ ಬಳಿಕ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಅದರೊಳಗೆ ಸಂಪಾದಕ ತಂತ್ರಾಂಶವೊಂದು ತೆರೆದೇ ಇದ್ದರೆ ಈ ಗಡುವು ಕೆಲಸಕ್ಕೆ ಬರುವುದಿಲ್ಲ.