ಕರುವಿನ ಕಣ್ಣು, ಬಾಯಿ ನೋಡಿ ನೀರಿನ ಕೊರತೆ ತಿಳಿಯಿರಿ



ಕರುವಿಗೆ ಭೇದಿಯಾದರೆ ನಾವು ಮೊದಲು ನೋಡುವುದು ಬಾಲದ ಕಡೆ. ಸಗಣಿ ಬಿಳಿಯೋ, ಹಳದಿಯೋ, ರಕ್ತವಿದೆಯೋ ಎಂದು ನೋಡುತ್ತೇವೆ. ಅದೂ ಬೇಕು. ಆದರೆ ಭೇದಿಯಾದ ಕರುಗಳಲ್ಲಿ ಬಹಳಷ್ಟು ಸಾಯುವುದು ಮೈಯಲ್ಲಿನ ನೀರು, ಲವಣ ಕಡಿಮೆಯಾಗಿ. ಆ ಕೊರತೆಯನ್ನು ಕಣ್ಣು, ಬಾಯಿಯಲ್ಲೇ ಗುರುತಿಸಬಹುದು. ಬೆಳಿಗ್ಗೆ, ಸಂಜೆ ಹಾಲು ಕರೆದಾದ ಮೇಲೆ ಈ ನಾಲ್ಕು ಪರೀಕ್ಷೆ ಮಾಡಿ.

1. ಕಣ್ಣು: ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆಯಿರಿ. ಆರೋಗ್ಯವಂತ ಕರುವಿನ ಕಣ್ಣುಗುಡ್ಡೆ ರೆಪ್ಪೆಗೆ ತಾಗಿಕೊಂಡು ಹೊಳೆಯುತ್ತಿರುತ್ತದೆ. ನಡುವೆ ಸಂದು ಕಂಡರೆ ನೀರು ಕಡಿಮೆಯಾಗಿದೆ. ಸಂದು ಅರ್ಧ ಸೆಂ.ಮೀ.ನಷ್ಟಾದರೆ ಅಪಾಯ.

2. ಬಾಯಿ: ತೊಳೆದ ಬೆರಳಿನಿಂದ ವಸಡು ಮುಟ್ಟಿ. ಒದ್ದೆಯಾಗಿ, ಬೆಚ್ಚಗೆ, ಜಾರುವಂತಿರಬೇಕು. ಅಂಟಂಟಾಗಿದ್ದರೆ ಎಚ್ಚರವಹಿಸಿ. ಒಣಗಿ ತಣ್ಣಗಾಗಿದ್ದರೆ ತಡಮಾಡಬೇಡಿ.

3. ಚರ್ಮ: ಕತ್ತಿನ ಪಕ್ಕದ ಚರ್ಮ ಹಿಡಿದೆತ್ತಿ ಬಿಡಿ. ಎರಡು ಎಣಿಸುವಷ್ಟರಲ್ಲಿ ಮೊದಲಿನಂತಾಗಬೇಕು. ಐದು ಎಣಿಸಿದರೂ ಮಡಿಕೆ ನಿಂತಿದ್ದರೆ ಕೊರತೆ ಹೆಚ್ಚಾಗಿದೆ.

4. ಚೀಪುವುದು: ಬಾಯಿಗೆ ಬೆರಳಿಟ್ಟರೆ ಜೋರಾಗಿ ಚೀಪಬೇಕು. ಚೀಪದಿದ್ದರೆ ಬಾಯಿಯ ಮೂಲಕ ಏನೂ ಕುಡಿಸಬೇಡಿ.

ಬಡಕಲು ಕರುವಿನ ಕಣ್ಣು ಭೇದಿಯಿಲ್ಲದೆಯೂ ಗುಳಿಬಿದ್ದಿರುತ್ತದೆ. ಆದ್ದರಿಂದ ಒಂದೇ ಲಕ್ಷಣ ನಂಬದೆ ನಾಲ್ಕನ್ನೂ ಸೇರಿಸಿ ನೋಡಿ.

ಈಗ ಒಂದು ಲೆಕ್ಕ. 30 ಕಿಲೋ ತೂಕದ ಕರು ತನ್ನ ತೂಕದ ಶೇ. 8ರಷ್ಟು ನೀರು ಕಳೆದುಕೊಂಡರೆ ಅದು 2.4 ಲೀಟರ್. ಅದರ ಮೇಲೆ ಭೇದಿಯಲ್ಲಿ ಇನ್ನೂ ಹೋಗುತ್ತಲೇ ಇರುತ್ತದೆ. ಒಂದು ಲೋಟ ನೀರು ಕುಡಿಸಿದರೆ ಎಲ್ಲಿಗೆ ಸಾಕು?

ಕರು ಎದ್ದು ನಿಂತು ಚೀಪುತ್ತಿದ್ದರೆ ಪಶುವೈದ್ಯರು ಹೇಳಿದ ಲವಣದ ಪುಡಿಯನ್ನು, ಪೊಟ್ಟಣದ ಮೇಲಿನ ಅಳತೆಯಂತೆ, ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿಗೆ ಬೆರೆಸಿ ಕುಡಿಸಿ. ದಿನಕ್ಕೆ ಎರಡು ಮೂರು ಬಾರಿ, ಹಾಲು ಕುಡಿಸಿ ಎರಡು ಗಂಟೆ ಬಿಟ್ಟು ಕೊಡಿ. ಭೇದಿಯೆಂದು ಹಾಲು ನಿಲ್ಲಿಸಬೇಡಿ. ಹಾಲಿಲ್ಲದೆ ಕರು ಇನ್ನಷ್ಟು ಸೊರಗುತ್ತದೆ. ಗೊಟ್ಟದಲ್ಲಿ ಬಲವಂತವಾಗಿ ಹೊಯ್ದರೆ ನೀರು ಶ್ವಾಸಕೋಶಕ್ಕೆ ಹೋಗಿ ಕರು ಸಾಯಬಹುದು.

ಕರು ಮಲಗಿದಲ್ಲಿಂದ ಏಳದಿದ್ದರೆ, ಚೀಪದಿದ್ದರೆ, ಬಾಯಿ ತಣ್ಣಗಿದ್ದರೆ ರಕ್ತನಾಳಕ್ಕೆ ಗ್ಲುಕೋಸ್, ಲವಣದ ದ್ರಾವಣ ಏರಿಸಬೇಕಾಗುತ್ತದೆ. ಬೆಳಗಾಗಲಿ ಎಂದು ಕಾಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಕರೆ ಮಾಡಿ. "ಭೇದಿಯಾಗಿದೆ" ಎಂದಷ್ಟೇ ಹೇಳದೆ ಕಣ್ಣಿನ ಸಂದು, ವಸಡು, ಚರ್ಮ, ಚೀಪುವಿಕೆ ಹೇಗಿವೆ ಎಂದು ತಿಳಿಸಿ. ಎಷ್ಟು ತುರ್ತೆಂದು ವೈದ್ಯರಿಗೆ ಫೋನಿನಲ್ಲೇ ಗೊತ್ತಾಗುತ್ತದೆ.

ಪರೀಕ್ಷೆಯ ನಂತರ ಸೋಪು ಹಚ್ಚಿ ಕೈ ತೊಳೆಯಿರಿ. ಕರುವಿನ ಕೆಲವು ಭೇದಿ ರೋಗಾಣುಗಳು ಮನೆಯ ಮಕ್ಕಳಿಗೂ ಅಂಟುತ್ತವೆ.

ಇಂದು ಸಂಜೆಯೇ ನಿಮ್ಮ ಆರೋಗ್ಯವಂತ ಕರುವಿನ ಮೇಲೆ ಒಮ್ಮೆ ಮಾಡಿ ನೋಡಿ. ಚೆನ್ನಾಗಿರುವ ಕಣ್ಣು, ಬಾಯಿ ಹೇಗಿರುತ್ತದೆ ಎಂದು ಕೈಗೆ ತಿಳಿದಿದ್ದರೆ, ಕೆಟ್ಟ ದಿನ ಬಂದಾಗ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಇಂದು ಉಳಿದ ಹೆಣ್ಣು ಕರುವೇ ನಾಳೆ ನಿಮ್ಮ ಕೊಟ್ಟಿಗೆಯ ಹಸು.