ಅಣ್ಣನ ಎಂಬತ್ತು ಎಕರೆ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನನ್ನ ಸೋದರಳಿಯನು, ಸಕಲೇಶಪುರದ ಕಡೆ ‘ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿರುವ ಹತ್ತು ಗುಂಟೆ ಭೂಮಿಯನ್ನು ಶೇಕಡ 12ರ ವೈಯಕ್ತಿಕ ಸಾಲ ತೆಗೆದು ಕೊಳ್ಳಬೇಕೆಂದು ಬಹುಮಟ್ಟಿಗೆ ನಿಶ್ಚಯಿಸಿದ ಮೇಲೆ, ಹಿರಿಯರನ್ನು ಒಂದು ಮಾತು ಕೇಳಬೇಕೆಂಬ ಸೌಜನ್ಯದಿಂದ ಕಳೆದ ತಿಂಗಳು ನನಗೆ ಫೋನ್ ಮಾಡಿ, “ದೊಡ್ಡಮಾವ ಅಮೆರಿಕದಲ್ಲೇ ಎಂಬತ್ತು ಎಕರೆ ಕೊಂಡಿದ್ದರಂತಲ್ಲ ಮಾವ, ಭೂಮಿ ಎಲ್ಲಾದರೂ ಕೈಬಿಡುತ್ತದೆಯೇ?” ಎಂದು ಕೇಳಿದನು. ಅಣ್ಣನು ಆ ಭೂಮಿಯನ್ನು ಕೊಂಡನೆಂಬ ಕಥೆಯ ಪೂರ್ವಾರ್ಧವು ನಮ್ಮ ಬಂಧುವರ್ಗದಲ್ಲಿ ಇಂದಿಗೂ ಅಭಿಮಾನದಿಂದ ಹೇಳಲ್ಪಡುತ್ತಿದೆ. ಅದರ ಉತ್ತರಾರ್ಧವನ್ನು ಬಲ್ಲವರು ಈಗ ಇಬ್ಬರೋ ಮೂವರೋ ಉಳಿದಿದ್ದೇವೆ. ಕೃಷಿಸಾಲದ ವಿಭಾಗದಲ್ಲಿ ಬ್ಯಾಂಕಿನ ನೌಕರಿಯನ್ನು ಮುಗಿಸಿದ ನನಗೆ, ಭೂಮಿ ಮತ್ತು ಸಾಲ ಇವೆರಡರ ಸಂಬಂಧವನ್ನು ಅಣ್ಣನ ಬಾಳಿಗಿಂತ ಸ್ಪಷ್ಟವಾಗಿ ತೋರಿಸಿಕೊಟ್ಟ ಕಡತವೊಂದು ಆ ವರ್ಷಗಳಲ್ಲೆಲ್ಲ ಸಿಕ್ಕಲಿಲ್ಲವಾದುದರಿಂದ, ಆ ಉತ್ತರಾರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಣ್ಣನು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿ, ಅರವತ್ತರ ದಶಕದ ಕೊನೆಯಲ್ಲಿ ಅಯೋವಾ ಸಂಸ್ಥಾನದ ಏಮ್ಸ್ ಪಟ್ಟಣಕ್ಕೆ ಉನ್ನತ ವ್ಯಾಸಂಗಕ್ಕಾಗಿ ಹೋದನು. 1879ರಷ್ಟು ಹಿಂದೆಯೇ ಸರ್ಕಾರಿ ವಿದ್ಯಾಸಂಸ್ಥೆಯೊಂದರಲ್ಲಿ ಪಶುವೈದ್ಯ ಶಿಕ್ಷಣವನ್ನು ಆರಂಭಿಸಿದ ಊರದು. ಓದು ಮುಗಿದ ಮೇಲೆ ಅವನ ಜೊತೆಯವರು ಶಿಕಾಗೊ, ಡೆಟ್ರಾಯಿಟ್ ಎಂದು ಮಹಾನಗರಗಳನ್ನು ಅರಸಿಕೊಂಡು ಹೋದರೆ, ಇವನು ಅದೇ ಸಂಸ್ಥಾನದ ವಾಯವ್ಯದಲ್ಲಿದ್ದ ಒಂದು ಸಣ್ಣ ಕೌಂಟಿಯಲ್ಲಿ, ವೃದ್ಧ ಪಶುವೈದ್ಯರೊಬ್ಬರ ಸಹಾಯಕನಾಗಿ ನಿಂತು, ಅವರ ತರುವಾಯ ಆ ಚಿಕಿತ್ಸಾಲಯವನ್ನು ತಾನೇ ವಹಿಸಿಕೊಂಡನು. ಮೊಟ್ಟೆಯನ್ನು ಸಹ ಒಳಗೆ ತಾರದ ಮನೆಯಲ್ಲಿ ಹುಟ್ಟಿದವನು, ಮನುಷ್ಯರಿಗಿಂತ ಹಂದಿಗಳ ಸಂಖ್ಯೆ ಹಲವು ಪಾಲು ಅಧಿಕವಾಗಿರುವ ಸೀಮೆಯಲ್ಲಿ, ಮಾಘದ ನಡುರಾತ್ರಿ, ಹಿಮ ಮುಚ್ಚಿದ ಜಲ್ಲಿರಸ್ತೆಯ ಮೇಲೆ ಪಿಕಪ್ ಓಡಿಸಿಕೊಂಡು, ಹೆರಲಾರದೆ ನರಳುವ ಹೆಣ್ಣುಹಂದಿಯ ಬಳಿಗೆ ಹೋಗುತ್ತಿದ್ದನೆಂಬುದನ್ನು ನಮ್ಮ ಅಮ್ಮ ಮೊದಮೊದಲು ಯಾರಿಗೂ ಹೇಳುತ್ತಿರಲಿಲ್ಲ. ಆಮೇಲೆ ಎಲ್ಲರಿಗೂ ಹೇಳತೊಡಗಿದಳು. ಆ ನಾಡಿನ ಭೂಮಿಯು ಒಂದು ಮೈಲಿ ಉದ್ದ ಒಂದು ಮೈಲಿ ಅಗಲದ ಚೌಕಗಳಾಗಿ ಅಳೆಯಲ್ಪಟ್ಟಿದೆ. ಚೌಕವೊಂದಕ್ಕೆ 640 ಎಕರೆ, ಅದರ ಕಾಲುಭಾಗ 160, ಅದರಲ್ಲಿ ಅರ್ಧ 80. ದಿಗಂತದವರೆಗೆ ಮುಸುಕಿನ ಜೋಳ ಮತ್ತು ಸೋಯಾ, ಊರಿಗೊಂದು ಧಾನ್ಯ ಸಂಗ್ರಹದ ಎಲಿವೇಟರ್, ಒಂದು ಬ್ಯಾಂಕು, ಎರಡು ಮೂರು ಚರ್ಚುಗಳು. ನಾನು ಅಲ್ಲಿಗೆ ಹೋಗಿದ್ದಾಗ, ಕಾಫಿ ಕುಡಿಯಲು ಸೇರಿದ್ದ ರೈತರು ಅವನನ್ನು ‘ಡಾಕ್’ ಎಂದು ಕರೆದು, ತಮ್ಮ ಮಕ್ಕಳ ಮದುವೆಯಿಂದ ಮೊದಲುಗೊಂಡು ಮಳೆಯವರೆಗೆ ಎಲ್ಲವನ್ನೂ ಅವನಲ್ಲಿ ಹೇಳಿಕೊಳ್ಳುತ್ತಿದ್ದುದನ್ನು ಕಂಡೆನು. ಅವನು ಆ ಊರಿಗೆ ಸಂಪೂರ್ಣವಾಗಿ ಸೇರಿಹೋಗಿದ್ದನು.

ಆದರೆ ಅವನಲ್ಲಿ ಒಂದು ಹಸಿವಿತ್ತು. 1974ರ ಮಾರ್ಚ್ 1ರಿಂದ ನಮ್ಮ ರಾಜ್ಯದಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು ಜಾರಿಗೆ ಬಂದು, ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲವೂ ಸರ್ಕಾರದಲ್ಲಿ ನಿಹಿತವಾದಾಗ, ನಮ್ಮ ತಂದೆಯ ಗದ್ದೆಗಳೂ ಹೋದವು. ತಲೆಮಾರುಗಳಿಂದ ಆ ಕೆಸರಿನಲ್ಲಿ ನಿಂತು ದುಡಿದ ಗೇಣಿದಾರನಿಗೆ ಅವು ಸಂದುದು ನ್ಯಾಯವೆಂದೇ ನಾನು ಅಂದೂ ಭಾವಿಸಿದ್ದೆನು, ಇಂದೂ ಭಾವಿಸುತ್ತೇನೆ. ಅಣ್ಣನೂ ಅದನ್ನು ಅನ್ಯಾಯವೆಂದು ಒಮ್ಮೆಯೂ ಅನ್ನಲಿಲ್ಲ. ಆದರೂ ಮನೆತನಕ್ಕೆ ಭೂಮಿಯಿಲ್ಲವಾಯಿತೆಂಬ ಕೊರಗನ್ನು ಅವನು ಸಮುದ್ರದಾಚೆ ಹೊತ್ತುಕೊಂಡೇ ಇದ್ದನೆಂಬುದು, 1979ರ ಕೊನೆಯಲ್ಲಿ ಬಂದ ಅವನ ಏರೋಗ್ರಾಮಿನಿಂದ ತಿಳಿಯಿತು. “ಅಪ್ಪನಿಗೆ ಹೇಳು, ನಾವು ಮತ್ತೆ ಭೂಮಿಯುಳ್ಳವರಾದೆವು” ಎಂದು ಅದರ ಮೊದಲ ಸಾಲಿನಲ್ಲಿ ಬರೆದಿದ್ದನು.

ಅದೇ ಕಾಗದದಲ್ಲಿ ಲೆಕ್ಕವೂ ಇತ್ತು, ಮತ್ತು ಆ ಲೆಕ್ಕವು ಅವಿವೇಕದ್ದೆಂದು ಯಾರೂ ಹೇಳುವಂತಿರಲಿಲ್ಲ. ಅಯೋವಾದಲ್ಲಿ ಎಕರೆಯೊಂದರ ಸರಾಸರಿ ಬೆಲೆ 1970ರಲ್ಲಿ 419 ಡಾಲರ್ ಇದ್ದುದು 1979ಕ್ಕೆ 1,958 ಡಾಲರ್ ಆಗಿತ್ತು. 1972ರಲ್ಲಿ ಸೋವಿಯತ್ ಒಕ್ಕೂಟವು ಅಪಾರ ಪ್ರಮಾಣದಲ್ಲಿ ಧಾನ್ಯವನ್ನು ಕೊಂಡಂದಿನಿಂದ, ಬೇಲಿಯಂಚಿನವರೆಗೂ ಬಿತ್ತಿರೆಂದು ಕೃಷಿಮಂತ್ರಿ ಅರ್ಲ್ ಬಟ್ಜ್ ರೈತರನ್ನು ಹುರಿದುಂಬಿಸಿದಂದಿನಿಂದ, ಆ ಏರಿಕೆಗೆ ತಡೆಯೇ ಇರಲಿಲ್ಲ. ವರ್ಷಕ್ಕೆ ಹೆಚ್ಚುಕಡಿಮೆ ಶೇಕಡ 18.7ರ ಬೆಳವಣಿಗೆ, ಅದೇ ವೇಗದಲ್ಲಿ ನಡೆದರೆ ನಾಲ್ಕು ವರ್ಷಕ್ಕೆ ಬೆಲೆ ಇಮ್ಮಡಿ. ಅಣ್ಣನು ಕೊಂಡುದು ಎಕರೆಗೆ 2,000 ಡಾಲರಿನಂತೆ 80 ಎಕರೆ, ಒಟ್ಟು 1,60,000. ಮುಂಗಡ 40,000, ಅದರಲ್ಲಿ ಅರ್ಧ ಅವನ ಉಳಿತಾಯ, ಉಳಿದರ್ಧ ಊರಿನ ಬ್ಯಾಂಕಿನಿಂದ ಬದಲಾಗುವ ಬಡ್ಡಿಯ ಮೇಲೆ ತಂದದ್ದು. ಬಾಕಿ 1,20,000ವನ್ನು ಮಾರಿದವನಿಗೇ ಶೇಕಡ 9ರ ಬಡ್ಡಿಯೊಡನೆ ವರ್ಷಕ್ಕೆ 4,000ದ ಅಸಲಿನ ಕಂತಿನಲ್ಲಿ ಕೊಡುತ್ತ ಬಂದು, ಹತ್ತನೆಯ ವರ್ಷ ಉಳಿದುದನ್ನೆಲ್ಲ ಒಮ್ಮೆಗೇ ತೀರಿಸತಕ್ಕದ್ದು. ಅಲ್ಲಿಯವರೆಗೆ ಹಕ್ಕುಪತ್ರವು ಮಾರಿದವನ ಹೆಸರಿನಲ್ಲೇ. ಕಂತು ತಪ್ಪಿದರೆ, ಮೂವತ್ತು ದಿನಗಳ ನೋಟೀಸಿನ ಮೇಲೆ ಭೂಮಿಯೂ ಅದುವರೆಗೆ ಕಟ್ಟಿದ ಹಣವೂ ಹೋಗತಕ್ಕದ್ದು.

ಈಗ ಓದುಗರು ಸ್ವಲ್ಪ ತಾಳ್ಮೆಯಿಂದ ನನ್ನೊಡನೆ ಈ ಲೆಕ್ಕವನ್ನು ಮಾಡಬೇಕು. ಅಣ್ಣನು ಭೂಮಿಯನ್ನು ನೆರೆಯ ರೈತನಿಗೆ ಎಕರೆಗೆ 110 ಡಾಲರಿನಂತೆ ಕೊಟ್ಟನು. ವರ್ಷದ ಗೇಣಿ 8,800. ತೆರಿಗೆ ಮತ್ತು ಚಿಲ್ಲರೆ ವೆಚ್ಚಕ್ಕೆ 1,200 ಕಳೆದರೆ ನಿವ್ವಳ 7,600, ಅಂದರೆ ಕೊಂಡ ಬೆಲೆಯ ಮೇಲೆ ಶೇಕಡ 4.75. ಮೊದಲ ವರ್ಷ ಮಾರಿದವನಿಗೆ ಬಡ್ಡಿ 10,800, ಅಸಲು 4,000. ಬ್ಯಾಂಕಿನ 20,000ಕ್ಕೆ ಶೇಕಡ 18ರಂತೆ ಬಡ್ಡಿ 3,600. ಕೊಡಬೇಕಾದುದು ಒಟ್ಟು 18,400, ಬಂದುದು 7,600, ಕೈಯಿಂದ ಹಾಕಬೇಕಾದುದು 10,800. ಅವನ ನಿವ್ವಳ ಸಂಪಾದನೆ ಆಗ ವರ್ಷಕ್ಕೆ ಸುಮಾರು 30,000 ಡಾಲರ್ ಇದ್ದುದರಿಂದ, ದುಡಿದುದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಆ ನೆಲವು ಪ್ರತಿವರ್ಷ ಕೇಳುತ್ತಿತ್ತು. ಶೇಕಡ 4.75 ಉತ್ಪತ್ತಿಯಾಗುವ ವಸ್ತುವನ್ನು ಶೇಕಡ 9ಕ್ಕೂ 18ಕ್ಕೂ ಸಾಲ ತಂದು ಕೊಂಡವನು, ವ್ಯತ್ಯಾಸವನ್ನು ಬೆಲೆಯ ಏರಿಕೆಯೇ ತುಂಬಿಕೊಡುವುದೆಂದು ನಂಬಿರಲೇಬೇಕು. ಆ ನಂಬಿಕೆಯೊಂದನ್ನು ತೆಗೆದುಬಿಟ್ಟರೆ ವ್ಯವಹಾರದಲ್ಲಿ ಮತ್ತೇನೂ ಉಳಿಯುವುದಿಲ್ಲ.

ಅದೇ 1979ರ ಅಕ್ಟೋಬರಿನಲ್ಲಿ, ಪಾಲ್ ವೋಲ್ಕರ್ ಅವರ ನೇತೃತ್ವದ ಫೆಡರಲ್ ರಿಸರ್ವ್, ಹಣದುಬ್ಬರವನ್ನು ಅಡಗಿಸಲೆಂದು ಬಡ್ಡಿಯ ದರವು ಎಷ್ಟಕ್ಕೆ ಬೇಕಾದರೂ ಏರಲೆಂದು ಬಿಟ್ಟಿತ್ತು. 1980ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್, ಅಫ್ಘಾನಿಸ್ತಾನದ ಆಕ್ರಮಣಕ್ಕೆ ಪ್ರತಿಯಾಗಿ, ಸೋವಿಯತ್ ದೇಶಕ್ಕೆ ಧಾನ್ಯದ ರಫ್ತನ್ನು ನಿರ್ಬಂಧಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ಯಾಂಕುಗಳ ಪ್ರೈಮ್ ದರವು ಶೇಕಡ 21.5ನ್ನು ಮುಟ್ಟಿತು. ಡಾಲರು ಬಲಿಷ್ಠವಾದಂತೆಲ್ಲ ಪರದೇಶದವರು ಆ ನಾಡಿನ ಜೋಳವನ್ನು ಕೊಳ್ಳುವುದು ಕಡಿಮೆಯಾಯಿತು. ಅಯೋವಾದ ಭೂಮಿಯ ಬೆಲೆ 1981ರಲ್ಲಿ 2,147 ಡಾಲರಿಗೆ ಏರಿ, ಅಲ್ಲಿಂದ ಇಳಿಯತೊಡಗಿ, 1986ರಲ್ಲಿ 787 ಡಾಲರಿಗೆ ಬಂದು ನಿಂತಿತು. 1985ರ ಫೆಬ್ರವರಿಯಲ್ಲಿ ಏಮ್ಸ್ ನಗರದ ಕ್ರೀಡಾಂಗಣದಲ್ಲಿ ಸಹಸ್ರಾರು ರೈತರು ಸೇರಿ ತಮ್ಮ ದುರವಸ್ಥೆಯನ್ನು ಸಾರಿದಾಗ ಅಣ್ಣನೂ ಅವರ ನಡುವೆ ನಿಂತಿದ್ದನು. ಕಳೆದುಹೋದ ಹೊಲಗಳ ಸ್ಮರಣೆಗೆಂದು ನ್ಯಾಯಾಲಯಗಳ ಅಂಗಳದಲ್ಲಿ ಬಿಳಿಯ ಶಿಲುಬೆಗಳನ್ನು ನೆಡುತ್ತಿದ್ದ ಕಾಲವದು.

ಅಣ್ಣನಿಗಾದುದು ಇಮ್ಮಡಿಯಾದ ಪೆಟ್ಟು, ಮತ್ತು ನಾನು ಈ ಅಂಕಣದಲ್ಲಿ ಹೇಳಬೇಕಾದ ಮುಖ್ಯವಾದ ಮಾತು ಇದೇ. ಭೂಮಿಯ ಬೆಲೆ ಇಳಿದ ವರ್ಷಗಳಲ್ಲಿಯೇ ಅವನ ಸಂಪಾದನೆಯೂ ಇಳಿಯಿತು. ಏಕೆಂದರೆ ಅವನ ಸಂಪಾದನೆ ಬರುತ್ತಿದ್ದುದು ಅದೇ ಭೂಮಿಯನ್ನು ಉಳುವವರ ಕೈಯಿಂದ. ಜೋಳಕ್ಕೆ ಬೆಲೆಯಿಲ್ಲದಾಗ ರೈತನು ಪಶುವೈದ್ಯನ ಬಿಲ್ಲನ್ನು ಮುಂದಿನ ತಿಂಗಳಿಗೆ ತಳ್ಳುತ್ತಾನೆ, ಹಿಂಡನ್ನು ಮಾರಿಬಿಟ್ಟ ಮೇಲೆ ವೈದ್ಯನನ್ನು ಕರೆಯುವುದೇ ಇಲ್ಲ. ಗೇಣಿಗೆ ಹಿಡಿದಿದ್ದ ನೆರೆಯವನು ದರವನ್ನು ಇಳಿಸೆಂದು ಕೇಳಿಕೊಂಡನು. ಊರಿನ ಬ್ಯಾಂಕು ಮುಚ್ಚಿತು. ಅದನ್ನು ವಹಿಸಿಕೊಂಡವರು ಸಾಲವನ್ನು ನವೀಕರಿಸಲು ಒಪ್ಪಲಿಲ್ಲ. ಚಿಕಿತ್ಸಾಲಯ, ವಾಸದ ಮನೆ, ಎಂಬತ್ತು ಎಕರೆ, ಸಾಲ ಕೊಟ್ಟ ಬ್ಯಾಂಕು, ಗೇಣಿ ಕೊಡುವ ರೈತ, ಇವೆಲ್ಲವೂ ಬೇರೆಬೇರೆಯಾಗಿ ಕಂಡರೂ ಒಂದೇ ತೊಲೆಗೆ ಕಟ್ಟಿದ ತೊಟ್ಟಿಲುಗಳಾಗಿದ್ದವು. ವೃತ್ತಿಯೇ ಒಂದು ಬೆಳೆಯನ್ನು ನೆಚ್ಚಿಕೊಂಡಿರುವಾಗ ಉಳಿತಾಯವನ್ನೂ ಅದೇ ಬೆಳೆಯ ಮೇಲೆ ಇಡುವುದು, ಅದಕ್ಕೆ ಸಾಲವನ್ನೂ ಸೇರಿಸುವುದು, ಎಂತಹ ಬುದ್ಧಿವಂತನನ್ನಾದರೂ ಮುರಿಯಬಲ್ಲುದು.

1986ರ ಆರಂಭದಲ್ಲಿ ಅಣ್ಣನು ಮಾರಿದವನಿಗೆ ಕೊಡಬೇಕಾಗಿ ಉಳಿದಿದ್ದುದು 96,000. ಆ ವರ್ಷದ ಸರಾಸರಿ ದರದಲ್ಲಿ ಭೂಮಿಯ ಬೆಲೆ 62,960. ಆ ವರ್ಷದ ಕಂತನ್ನು ಅವನು ಕಟ್ಟಲಿಲ್ಲ. ಮೂವತ್ತು ದಿನಗಳು ಕಳೆದವು. ಅವನು ಕಳೆದುಕೊಂಡುದನ್ನು ನಾನು ಅವನ ಕಾಗದಗಳಿಂದ ಕೂಡಿಸಿದ್ದೇನೆ: ಮುಂಗಡ 40,000, ಆರು ಕಂತುಗಳ ಅಸಲು 24,000, ಮಾರಿದವನಿಗೆ ಕೊಟ್ಟ ಬಡ್ಡಿ 59,400, ಬ್ಯಾಂಕಿಗೆ ಕೊಟ್ಟ ಬಡ್ಡಿ, ಏರಿಳಿತಗಳನ್ನು ಸರಿದೂಗಿಸಿ ಶೇಕಡ 15 ಎಂದು ಹಿಡಿದರೆ, 18,000, ಒಟ್ಟು 1,41,400. ಗೇಣಿಯು ಕಡಿಮೆಯಾಗಲೇ ಇಲ್ಲವೆಂದು ಉದಾರವಾಗಿ ಭಾವಿಸಿ 45,600ವನ್ನು ಕಳೆದರೂ ನಷ್ಟವು 95,800 ಡಾಲರ್. ಮೂರು ವರ್ಷಗಳ ದುಡಿಮೆಗಿಂತ ಅಧಿಕ. ಬ್ಯಾಂಕಿನ ಸಾಲದ ಅಸಲನ್ನು ಅವನು ಭೂಮಿ ಹೋದ ಮೇಲೆಯೂ ವರ್ಷಗಟ್ಟಲೆ ತೀರಿಸಿದನು. ತನಗೆ ಬರಬೇಕಾದ ಬಿಲ್ಲುಗಳಲ್ಲಿ ಎಷ್ಟನ್ನೋ ತಾನೇ ಹೊಡೆದುಹಾಕಿದನು. ಅದೇ ಉಳಿತಾಯದ 20,000ವನ್ನು 1981ರಲ್ಲಿ ಅಮೆರಿಕ ಸರ್ಕಾರದ ಶೇಕಡ 14ರ ದೀರ್ಘಾವಧಿ ಬಾಂಡಿನಲ್ಲಿ ಇಟ್ಟಿದ್ದರೆ ವರ್ಷಕ್ಕೆ 2,800 ಡಾಲರ್ ನಿಶ್ಚಿಂತೆಯಾಗಿ ಬರುತ್ತಿತ್ತು.

ಇಷ್ಟನ್ನು ಕೇಳಿದವರು ಸಾಮಾನ್ಯವಾಗಿ, ಹಾಗಾದರೆ ಭೂಮಿ ಕೆಟ್ಟದ್ದೇ ಎನ್ನುತ್ತಾರೆ. ಅಲ್ಲ. ಅದೇ ಅಯೋವಾದಲ್ಲಿ 2022ರಲ್ಲಿ ಎಕರೆಯ ಸರಾಸರಿ ಬೆಲೆ 11,411 ಡಾಲರ್. ಆ ಎಂಬತ್ತು ಎಕರೆ ಉಳಿದಿದ್ದರೆ ಒಂಬತ್ತು ಲಕ್ಷ ಡಾಲರಿಗೂ ಮೀರುತ್ತಿತ್ತು. ಅಣ್ಣನ ಹೊಲದ ಪಕ್ಕದಲ್ಲೇ, ಅಜ್ಜನ ಕಾಲದ ಭೂಮಿಯನ್ನು ಸಾಲವಿಲ್ಲದೆ ಇಟ್ಟುಕೊಂಡಿದ್ದ ಕುಟುಂಬವೊಂದು ಆ ಕೆಟ್ಟ ವರ್ಷಗಳನ್ನು ಹಳೆಯ ಟ್ರ್ಯಾಕ್ಟರನ್ನೇ ರಿಪೇರಿ ಮಾಡಿಕೊಂಡು ಕಳೆಯಿತು. ಅವರ ಭೂಮಿಯ ಬೆಲೆಯೂ ಅಷ್ಟೇ ಕುಸಿದಿತ್ತು, ಆದರೆ ಅದನ್ನು ಕೇಳಲು ಅವರ ಬಾಗಿಲಿಗೆ ಯಾರೂ ಬರಲಿಲ್ಲ. ಮಣ್ಣು ಒಂದೇ, ಮಳೆ ಒಂದೇ. ಒಬ್ಬನಿಗೆ ಕಾಯಲು ಕಾಲವಿತ್ತು, ಇನ್ನೊಬ್ಬನ ಕಾಲವನ್ನು ಕರಾರುಪತ್ರವು ನಿರ್ಣಯಿಸಿತ್ತು.

ಅಣ್ಣನು ಬಹಳ ಶಿಸ್ತಿನ ಮನುಷ್ಯನಾಗಿದ್ದುದರಿಂದಲೇ ಒಂದು ಅಭ್ಯಾಸವನ್ನು ಕುರಿತು ಎಚ್ಚರಿಸಬೇಕೆನಿಸುತ್ತದೆ. ಪ್ರತಿವರ್ಷವೂ ಡಿಸೆಂಬರಿನಲ್ಲಿ ಏಮ್ಸ್‌ನ ವಿಶ್ವವಿದ್ಯಾಲಯದ ಭೂಮಿಬೆಲೆಯ ಸಮೀಕ್ಷೆಯು ಪತ್ರಿಕೆಯಲ್ಲಿ ಬಂದಾಗ, ಅವನು ಎಂಬತ್ತರಿಂದ ಗುಣಿಸಿ, ಬಂದ ಮೊತ್ತವನ್ನು ದಿನಚರಿಯಲ್ಲಿ ಬರೆದಿಡುತ್ತಿದ್ದನು. ಸಾಲದ ಬಾಕಿಯನ್ನು ಅದೇ ಪುಟದಲ್ಲಿ ಬರೆದಿರುವುದು ನನಗೆ ಎಲ್ಲಿಯೂ ಕಾಣಲಿಲ್ಲ. ನಮ್ಮಲ್ಲಿಯೂ ಸೈಟಿನ ಬೆಲೆ, ಚಿನ್ನದ ಬೆಲೆ, ಷೇರಿನ ಬೆಲೆ ಎಲ್ಲರ ಬಾಯಲ್ಲಿವೆ. ತಿಂಗಳ ಕಂತನ್ನು ಕೂಡಿಸಿ, ಕೆಲಸ ಹೋದರೆ ಎಷ್ಟು ತಿಂಗಳು ಕಟ್ಟಬಲ್ಲೆನೆಂದು ಬರೆದಿಡುವ ಮನೆಗಳು ವಿರಳ. ತರುಣರು ಪ್ರತಿ ಯುಗಾದಿಗೆ ಒಮ್ಮೆಯಾದರೂ ಆಸ್ತಿ ಮತ್ತು ಸಾಲ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು, ಅದನ್ನು ಹೆಂಡತಿಗೋ ಗಂಡನಿಗೋ ತೋರಿಸಬೇಕು. ಸಂಜೆ ಒಂದು ಗಂಟೆಯ ಕೆಲಸವದು.

ಇನ್ನು ಸೋದರಳಿಯನ ಹತ್ತು ಗುಂಟೆ. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳದಂತೆ ತಡೆದಿದ್ದ, ನಮ್ಮ ರಾಜ್ಯದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ, ಈ ಬಗೆಯ ಯೋಜನೆಗಳ ಬಣ್ಣಬಣ್ಣದ ಪುಸ್ತಿಕೆಗಳು ನನ್ನ ಬಳಿಗೂ ಬರುತ್ತಿವೆ, ಮತ್ತು ಅವುಗಳನ್ನು ಓದಿ ನನ್ನ ಸಹನೆ ತೀರಿಹೋಗಿದೆ. ಶ್ರೀಗಂಧವೂ ಮಹಾಗನಿಯೂ ಬೆಳೆದ ಮೇಲೆ ಬರುವ ಹಣದ ಚಿತ್ರವುಂಟು. ಈ ವರ್ಷ ಆ ಹತ್ತು ಗುಂಟೆಯಿಂದ ಏನು ಬರುವುದೆಂಬ ಸಾಲು ಇಲ್ಲ. ನಿರ್ವಹಣಾ ಶುಲ್ಕವುಂಟು, ಅದು ಹೇಗೆ ಏರುವುದೆಂಬ ಮಾತಿಲ್ಲ. ಹೂಡಿದ ಮೇಲೆ ಹಿಂದಿರುಗಿ ಮಾರಬೇಕೆಂದರೆ ಯಾರು ಕೊಳ್ಳುವರು? ವಿದೇಶದಲ್ಲಿರುವ ಬಂಧುಗಳಿಗೆ ಮಾರೋಣವೆಂದರೆ, ಅನಿವಾಸಿಗಳು ಕೃಷಿಭೂಮಿಯನ್ನು ಪಿತ್ರಾರ್ಜಿತವಾಗಿ ಪಡೆಯಬಹುದೇ ಹೊರತು ಕೊಳ್ಳುವಂತಿಲ್ಲ. ಉಳಿದವರು ಬೆಂಗಳೂರಿನ ಸಾಫ್ಟ್‌ವೇರ್ ಸಂಬಳದವರೇ. ಆ ಸಂಬಳಗಳು ನಿಂತ ದಿನ ಸೋದರಳಿಯನ ಸಂಬಳವೂ ನಿಂತಿರಬಹುದು, ಕೊಳ್ಳುವವರೂ ಇಲ್ಲವಾಗಿರಬಹುದು, ಶೇಕಡ 12ರ ಕಂತು ಮಾತ್ರ ತಿಂಗಳ ಐದನೆಯ ತಾರೀಖು ಬರುತ್ತಲೇ ಇರುವುದು. ಅಣ್ಣನ ಭೂಮಿಗಾದರೂ ಗೇಣಿಯಿತ್ತು.

ಕೊಳ್ಳಲೇಬೇಕೆಂದಿದ್ದರೆ ಸಾಲವಿಲ್ಲದೆ, ಕೈಯಲ್ಲಿರುವ ಹಣದಲ್ಲಿ, ತಾನು ಹೋಗಿ ನೋಡಿ ಬೆಳೆಯಬಲ್ಲ ಸ್ಥಳದಲ್ಲಿ, ಪೋಡಿಯಾಗಿ ತನ್ನೊಬ್ಬನದೇ ಹೆಸರಿಗೆ ಪಹಣಿ ಬರುವಂತಹ ಭೂಮಿಯನ್ನೇ ಕೊಳ್ಳೆಂದು ಅವನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಹಣಿ ಎಲ್ಲರ ಹೆಸರಿನಲ್ಲಿ ಜಂಟಿಯಾಗಿಯೇ ಬರುತ್ತದಂತೆ ಮಾವ” ಎಂದನು. ಮುಂಗಡವನ್ನು ಕೊಡುವುದಕ್ಕೆ ಮೊದಲು ಕರಾರಿನ ಕರಡನ್ನೂ ನಿರ್ವಹಣಾ ಒಪ್ಪಂದವನ್ನೂ ನನಗೆ ಕಳುಹಿಸುವುದಾಗಿ ಒಪ್ಪಿದ್ದಾನೆ. ಅವು ಬಂದ ಮೇಲೆ ಶುಲ್ಕದ ಕಲಮನ್ನು ಮುಂದಿನ ಸಂಚಿಕೆಯಲ್ಲಿ ವಿವರವಾಗಿ ಪರಿಶೀಲಿಸುತ್ತೇನೆ.