ಕಾಯುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಚೆಕ್ ಡ್ಯಾಂ, ಕೆರೆ ದುರಸ್ತಿ, ಶಾಲಾ ಕೊಠಡಿಯಂಥ ಕಾಮಗಾರಿಗಳಿಗೆ ಎಸ್ಟಿಮೇಟ್ ಮಾಡುವ ತಂಡಗಳ ಜೊತೆ ಬಹುಕಾಲದಿಂದ ಕೆಲಸ ಮಾಡುತ್ತಿದ್ದೇನೆ. ದುಡ್ಡಿನ ಅಂದಾಜಿಗೆ ನಮ್ಮಲ್ಲಿ ದರಪಟ್ಟಿ ಉಂಟು, ಅಳತೆ ಪುಸ್ತಕ ಉಂಟು, ಮೇಲಿನವರ ತಪಾಸಣೆಯೂ ಉಂಟು. ದಿನಗಳ ಅಂದಾಜಿಗೆ ಇವು ಯಾವುವೂ ಇಲ್ಲ. ಕಡತದ ಕೊನೆಯಲ್ಲಿ ಯಾರೋ ‘ಆರು ತಿಂಗಳು’ ಎಂದು ಬರೆದಿರುತ್ತಾರೆ, ಅಷ್ಟೆ. ಆ ಆರು ತಿಂಗಳನ್ನು ನಂಬಿ, ಬೋರ್‌ವೆಲ್ ಬತ್ತಿದ ರೈತ ಮುಂದಿನ ಬೆಳೆಯ ಯೋಚನೆ ಮಾಡುತ್ತಾನೆ.

1. ಕೆಲಸದ ದಿನಗಳಿಗೆ ಒಂದು ಕಾಲಂ, ಕಾಯುವ ದಿನಗಳಿಗೆ ಇನ್ನೊಂದು ಕಾಲಂ ಹಾಕಿ. ನಾನು ಕಲಿತದ್ದರಲ್ಲಿ ಇದೇ ದೊಡ್ಡದು. ಅಗೆಯುವುದು, ಕಟ್ಟುವುದು, ಪ್ಲಾಸ್ಟರ್ ಮಾಡುವುದನ್ನೆಲ್ಲ ಎಂಜಿನಿಯರುಗಳು ಚೆನ್ನಾಗಿಯೇ ಅಂದಾಜಿಸುತ್ತಾರೆ. ಜಮೀನಿನ ಒಪ್ಪಿಗೆ, ಟೆಂಡರ್, ಬಿಲ್ಲು, ಕ್ಯೂರಿಂಗ್ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈ ಸೀಮೆಯ ಎರಡು ದೊಡ್ಡ ಯೋಜನೆಗಳನ್ನೇ ನೋಡಿ. ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯ ಸೋಲಾರ್ ಪಾರ್ಕ್ ಇದೆ. ಅದನ್ನು ನೋಡಿಕೊಳ್ಳುವ ನಿಗಮ ಹುಟ್ಟಿದ್ದು 2015ರಲ್ಲಿ. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು, 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಜಮೀನನ್ನು ಸ್ವಾಧೀನ ಮಾಡಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ರೈತರಿಂದ ಗುತ್ತಿಗೆಗೆ ಪಡೆದರು. ಕಾಯುವ ದಿನಗಳು ಕಡಿಮೆಯಾದದ್ದು ಮುಖ್ಯವಾಗಿ ಅಲ್ಲೇ ಎಂದು ನನ್ನ ನಂಬಿಕೆ. ಗುತ್ತಿಗೆಯಲ್ಲಿ ಕೂಲಿಕಾರರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆ ಬೇರೆಯೇ ಇದೆ, ಅದು ಸಣ್ಣದಲ್ಲ.

ಇನ್ನೊಂದು ಎತ್ತಿನಹೊಳೆ ನೀರಿನ ಯೋಜನೆ. ಶಂಕುಸ್ಥಾಪನೆ 2014ರಲ್ಲಿ, ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರ್‌ನಲ್ಲಿ. 2012ರಲ್ಲಿ ಸುಮಾರು 8,323 ಕೋಟಿ ಇದ್ದ ಅಂದಾಜು 2014ಕ್ಕೆ 12,912 ಕೋಟಿ, 2023ಕ್ಕೆ 23,251 ಕೋಟಿ ದಾಟಿತು. ಅದೇ ಯೋಜನೆಯ, ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಜಲಾಶಯದ ಕಥೆ ನಮಗೆ ಹತ್ತಿರದ್ದು. ಮುಳುಗಡೆ ಜಮೀನು ದೊಡ್ಡಬಳ್ಳಾಪುರ, ಕೊರಟಗೆರೆ ಎರಡೂ ತಾಲ್ಲೂಕಿಗೆ ಸೇರಿತ್ತು. ಪರಿಹಾರದ ದರ ಮಾತ್ರ ಒಂದೇ ಇರಲಿಲ್ಲ. ಬದು ದಾಟಿದರೆ ದರ ಬದಲಾಗುವುದಾದರೆ ಯಾವ ರೈತ ಸಹಿ ಹಾಕುತ್ತಾನೆ? ಇಂಥ ಕಾಯುವಿಕೆಯನ್ನು ‘ಅನಿರೀಕ್ಷಿತ’ ಎಂದು ಬರೆಯುವುದು ಸರಿಯಲ್ಲ. ಎರಡೂ ಊರಿನ ಕಟ್ಟೆಯ ಮೇಲೆ ಒಂದೊಂದು ಸಂಜೆ ಕೂತಿದ್ದರೆ ಮೊದಲೇ ಗೊತ್ತಾಗುತ್ತಿತ್ತು.

2. ಅಂದಾಜನ್ನು ಬಾಯಲ್ಲಿ ಕೇಳಬೇಡಿ, ಚೀಟಿಯಲ್ಲಿ ಬರೆಸಿ. ಸಭೆಯಲ್ಲಿ ಹಿರಿಯ ಎಂಜಿನಿಯರ್ ಮೊದಲು ಒಂದು ಸಂಖ್ಯೆ ಹೇಳಿಬಿಟ್ಟರೆ ಉಳಿದವರೆಲ್ಲ ಅದರ ಆಚೀಚೆಯೇ ಸುತ್ತುತ್ತಾರೆ. ಎಂಜಿನಿಯರ್, ಮೇಸ್ತ್ರಿ, ಜೆಸಿಬಿ ಡ್ರೈವರ್, ವಾಟರ್‌ಮ್ಯಾನ್ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಬರೆದ ಮೇಲೆ ಒಟ್ಟಿಗೆ ತೆರೆಯುತ್ತೇವೆ. ಅತಿ ಹೆಚ್ಚು, ಅತಿ ಕಡಿಮೆ ಬರೆದವರು ಮಾತ್ರ ಕಾರಣ ಹೇಳಬೇಕು. ಶಿರಾ ಕಡೆಯ ಒಂದು ಚೆಕ್ ಡ್ಯಾಂಗೆ ಎಂಜಿನಿಯರ್ ಒಂದು ತಿಂಗಳು ಬರೆದಿದ್ದರು, ಮೇಸ್ತ್ರಿಯ ಚೀಟಿಯಲ್ಲಿ ಎರಡೂವರೆ ತಿಂಗಳಿತ್ತು. ಮೇಸ್ತ್ರಿಯ ಕಾರಣ ಇದು: ಹಳ್ಳ ಒಣಗಿದಾಗಲೇ ಕಟ್ಟಬೇಕು, ಹಳ್ಳ ಒಣಗಿದರೆ ಕ್ಯೂರಿಂಗ್‌ಗೆ ನೀರೆಲ್ಲಿ? ಟ್ಯಾಂಕರ್ ಬರಬೇಕು, ಬೇಸಿಗೆಯಲ್ಲಿ ಟ್ಯಾಂಕರ್ ಮೊದಲು ಕುಡಿಯುವ ನೀರಿಗೆ ಹೋಗುತ್ತದೆ. ಎಸ್ಟಿಮೇಟಿನ ಯಾವ ಪುಟದಲ್ಲೂ ಆ ಟ್ಯಾಂಕರ್ ಇರಲಿಲ್ಲ.

3. ಪಾಯದ ಅವಧಿ ಬರೆಯುವ ಮೊದಲು ಗುಂಡಿ ತೋಡಿ ನೋಡಿ. ಮಧುಗಿರಿ ಬೆಟ್ಟ ಏಕಶಿಲೆ, ಅದರ ಸಂತಾನ ಸುತ್ತಲ ಹೊಲಗಳ ಅಡಿಯಲ್ಲೂ ಮಲಗಿದೆ. ಎಡದಂಡೆಯಲ್ಲಿ ಆಳುದ್ದ ಗರಸು ಸಿಕ್ಕರೆ ಬಲದಂಡೆಯಲ್ಲಿ ಮೊಣಕಾಲುದ್ದಕ್ಕೇ ಬಂಡೆ. ಎರಡು ದಂಡೆಗೆ ಒಂದೊಂದು, ನಡುವೆ ಒಂದು, ಇಷ್ಟು ಗುಂಡಿ ಸಾಕು.

4. ಊರಿನ ಕ್ಯಾಲೆಂಡರ್ ಪಕ್ಕದಲ್ಲಿರಲಿ. ಮುಂಗಾರಿನಲ್ಲಿ ಕಡಲೆಕಾಯಿ ಬಿತ್ತನೆ ಶುರುವಾದರೆ ಪಾವಗಡದಲ್ಲಿ ಆಳು ಸಿಗುವುದಿಲ್ಲ, ಕೀಳುವ ಕಾಲಕ್ಕೂ ಅಷ್ಟೆ. ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ ಹಳ್ಳದ ಕೆಲಸ ನಿಲ್ಲುತ್ತದೆ. ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಜಾತ್ರೆ ಇದ್ದಾಗ ಕಾಂಕ್ರೀಟ್ ಇಟ್ಟುಕೊಳ್ಳಬೇಡಿ.

5. ಮುಗಿದ ಕೆಲಸಗಳಿಗೊಂದು ನೋಟ್‌ಬುಕ್ ಇಡಿ. ಹೇಳಿದ್ದು ಎಷ್ಟು, ಆದದ್ದು ಎಷ್ಟು, ಯಾಕೆ, ಮೂರೇ ಕಾಲಂ. ಡೇನಿಯಲ್ ಕಾನ್ಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನಃಶಾಸ್ತ್ರಜ್ಞರು 1979ರಲ್ಲೇ ಇದನ್ನು ಗುರುತಿಸಿದ್ದರು: ಮನುಷ್ಯ ತನ್ನ ಕೆಲಸದ ಅವಧಿಯನ್ನು ಸದಾ ಕಡಿಮೆ ಎಣಿಸುತ್ತಾನೆ, ಅಂಥದ್ದೇ ಹಳೆಯ ಕೆಲಸಗಳಿಗೆ ನಿಜವಾಗಿ ಎಷ್ಟು ಹಿಡಿಯಿತು ಎಂದು ನೋಡುವುದೇ ಇಲ್ಲ. ‘ಈ ಸಲ ಹಾಗಾಗಲ್ಲ ಸಾರ್’ ಎನ್ನುವವರ ಮುಂದೆ ನಾನು ಆ ನೋಟ್‌ಬುಕ್ ತೆರೆದಿಡುತ್ತೇನೆ.

6. ತಾರೀಖು ಮೊದಲು ಬಂದು ಅಂದಾಜು ಆಮೇಲೆ ಬಂದರೆ, ಆ ಕಾಗದಕ್ಕೆ ‘ಗುರಿ’ ಎಂದೇ ಹೆಸರಿಡಿ. ಮಾರ್ಚ್ 31ರೊಳಗೆ ಹಣ ಖರ್ಚಾಗಬೇಕೆಂದರೆ ಅದು ಖಜಾನೆಯ ಅಗತ್ಯ. ಕಾಂಕ್ರೀಟಿನ ಬಲ ಪರೀಕ್ಷಿಸುವ 28 ದಿನ ಅದಕ್ಕಾಗಿ 20 ಆಗುವುದಿಲ್ಲ. ಗುರಿ, ಅಂದಾಜು ಎರಡನ್ನೂ ಬರೆದು, ನಡುವಿನ ಅಂತರಕ್ಕೆ ಯಾವ ಕೆಲಸ ಕೈಬಿಡುತ್ತೀರಿ ಎಂದು ಮೇಲಿನವರನ್ನೇ ಕೇಳಿ. ಕೇಳುವುದು ಕಷ್ಟ, ನಿಜ. ಕಿರಿಯರ ಬಾಯಲ್ಲಿ ಕೇಳಿಸಬೇಡಿ, ತಂಡದ ಹಿರಿಯರೇ ಕೇಳಬೇಕು.

7. ಪಾಯ ಮುಗಿದ ದಿನ ಅಂದಾಜನ್ನು ಮತ್ತೊಮ್ಮೆ ಮಾಡಿ. ನೆಲದ ಗುಟ್ಟು ಅಷ್ಟೊತ್ತಿಗೆ ಹೊರಬಿದ್ದಿರುತ್ತದೆ. ಹೊಸ ತಾರೀಖನ್ನು ಒಂದೇ ದಿನವಾಗಿ ಹೇಳದೆ, ‘ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ, ಟ್ಯಾಂಕರ್ ಸಿಕ್ಕರೆ’ ಎಂಬಂತೆ ಷರತ್ತಿನ ಸಮೇತ ಪಂಚಾಯಿತಿ ಬೋರ್ಡಿನ ಮೇಲೆ ಬರೆಸಿ. ಹಾಗೆ ಬರೆಸಿದ ಒಂದು ಊರಿನಲ್ಲಿ ಮೂರನೇ ದಿನ ರೈತರೊಬ್ಬರು ತಮ್ಮ ಬೋರ್‌ವೆಲ್‌ನಿಂದ ಹಳ್ಳದವರೆಗೆ ಪೈಪ್ ಎಳೆದುಕೊಟ್ಟರು.